ನಿಲುವುಗನ್ನಡಿಯ ಸವಾಲು

ಹರಾಜಿನಲ್ಲಿ ನಿಲುವುಗನ್ನಡಿಗೆ ಕ್ಷೌರದ ಕದಿರಪ್ಪನ ಸವಾಲು ಹತ್ತು ರೂಪಾಯಿಗೆ ನಿಂತಿತ್ತು. ಅಶ್ವತ್ಥಪ್ಪನವರು ಮರದ ಸುತ್ತಿಗೆ ಎತ್ತಿ "ಎರಡನೇ ಸಲ" ಎನ್ನುವಷ್ಟರಲ್ಲಿ ಗುಂಪಿನ ಹಿಂದಿನಿಂದ "ಅನ್ನೆರಡು" ಎಂದು ಹೆಣ್ಣುದನಿಯೊಂದು ಕೇಳಿಸಿತು. ಕೂಗಿದವಳು ಚಿಕ್ಕವೆಂಕಟಮ್ಮ, ಹರಾಜು ನಡೆಸುತ್ತಿದ್ದ ಅಶ್ವತ್ಥಪ್ಪನವರ ಹೆಂಡತಿ.

ಚಿನ್ನದ ಗಣಿಯ ಬಿಳಿಯ ದೊರೆಯೊಬ್ಬ ಸಂಸಾರಸಮೇತ ಕಡಲಾಚೆಯ ತನ್ನ ಸೀಮೆಗೆ ಹೊರಟಿದ್ದ. ಅವನ ಬಂಗಲೆಯ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಅದರಲ್ಲಿ ದೊರೆಸಾನಿಯ ಆಳೆತ್ತರದ ಕನ್ನಡಿಯೊಂದಿದೆ ಎಂದು ಗಂಡ ಊಟಕ್ಕೆ ಕೂತಾಗ ಹೇಳಿದ್ದೇ ತಡ, ಚಿಕ್ಕವೆಂಕಟಮ್ಮನಿಗೆ ಬೇರೇನೂ ಬೇಡವಾಯಿತು. ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣದು. ಮಕ್ಕಳ ತಾಯಿಯಾದರೂ ಅವಳು ತನ್ನನ್ನು ಒಮ್ಮೆಯೂ ಪೂರ್ತಿಯಾಗಿ ನೋಡಿಕೊಂಡಿರಲಿಲ್ಲ. ಕೊಂಡು ತನ್ನಿ ಎಂದಳು. ಆಗದು ಎಂದರು. ಬೇರೆ ಹರಾಜಿನವರು ತಮ್ಮ ಆಳನ್ನೇ ಗುಂಪಿನಲ್ಲಿ ನಿಲ್ಲಿಸಿ ಬೆಲೆ ಏರಿಸುತ್ತಿದ್ದ ಕಾಲ ಅದು. ನಮ್ಮ ಕಂಪನಿಯವರಾಗಲಿ ಮನೆಯವರಾಗಲಿ ಸವಾಲು ಕೂಗುವುದಿಲ್ಲ ಎಂದು ಅಶ್ವತ್ಥಪ್ಪನವರು ಪ್ರತಿ ಹರಾಜಿಗೂ ಮೊದಲು ಸಾರುತ್ತಿದ್ದರು. ತನ್ನದು ಹಾಲು ಮಾರಿ ಕೂಡಿಟ್ಟ ದುಡ್ಡು, ಎಲ್ಲರ ಹಾಗೆ ಕೂಗಿ ಕೊಂಡರೆ ತಪ್ಪೇನು ಎಂದುಕೊಂಡು ಅವಳು ತಮ್ಮೂರು ಬಂಗಾರಪೇಟೆಯಲ್ಲಿ ಒಬ್ಬಳೇ ಗಣಿಯ ಕಡೆಯ ರೈಲು ಹತ್ತಿದ್ದಳು.

ಕದಿರಪ್ಪ ಹಿಂದಿರುಗಿ ನೋಡಿ ಗುರುತು ಹಿಡಿದ. ಬಾಯಿಗೆ ಬಂದಿದ್ದ ಹದಿಮೂರನ್ನು ನುಂಗಿಕೊಂಡ.

"ಯಜಮಾನ್ರ ಮನೆಯೋರೇ ಕೂಗಿದ್ಮೇಲೆ ನಾನ್ಯಾಕೆ ಅಡ್ಡ ಬರ್ಲಿ? ಅಮ್ಮಾರೇ ತಗಂಡೋಗ್ಲಿ ಬುಡಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅಶ್ವತ್ಥಪ್ಪನವರು ಹೆಂಡತಿಯ ಕಡೆ ನೋಡಲಿಲ್ಲ.

"ಅನ್ನೆರಡು ಲೆಕ್ಕಕ್ಕಿಲ್ಲ. ಅದು ನಮ್ಮನೆ ಸವಾಲು. ಕದಿರಪ್ಪನ ಅತ್ತು ರೂಪಾಯೇ ನಿಂತೈತೆ. ಮೂರನೇ ಸಲ."

ಸುತ್ತಿಗೆ ಬಿತ್ತು. ಚಿಕ್ಕವೆಂಕಟಮ್ಮ ಸೆರಗು ತಲೆಗೆಳೆದುಕೊಂಡು ಸ್ಟೇಷನ್ ದಾರಿ ಹಿಡಿದಳು. ಸಂಜೆ ಒಂದೇ ರೈಲಿನ ಬೇರೆಬೇರೆ ಡಬ್ಬಿಗಳಲ್ಲಿ ಗಂಡ ಹೆಂಡತಿ ಊರಿಗೆ ಮರಳಿದರು. ಮನೆಯಲ್ಲಿ ಮುದ್ದೆ ಬಡಿಸುತ್ತ ಅವಳು ಕೇಳಿದಳು.

"ನನ್ ಮಾತು ಅತ್ಲಾಗಿರ್ಲಿ. ನಿಮ್ ನೇಮಕ್ಕೆ ಆ ದೊರೆಸಾನಿ ಎರಡು ರೂಪಾಯಿ ಕಳಕಂಡ್ಲಲ್ಲ, ಅದ್ಯಾವ ನ್ಯಾಯ?"

ಬೆಳಗಾಗುತ್ತಲೇ ಅಶ್ವತ್ಥಪ್ಪನವರು ಮತ್ತೆ ರೈಲು ಹತ್ತಿದರು. ಬಂಗಲೆಗೆ ಹೋಗಿ ತಮ್ಮ ದಲ್ಲಾಳಿ ಹಣದಲ್ಲಿ ಎರಡು ರೂಪಾಯಿ ದೊರೆಸಾನಿಗೆ ಕೊಟ್ಟು ಬಂದದ್ದು ಆಮೇಲೆ ಕದಿರಪ್ಪನ ಬಾಯಿಂದ ತಿಳಿಯಿತು.

ಕನ್ನಡಿ ಬಂಗಾರಪೇಟೆಗೇ ಬಂತು, ಸ್ಟೇಷನ್ ಬೀದಿಯ ಕದಿರಪ್ಪನ ಅಂಗಡಿಗೆ. ಆಗೆಲ್ಲ ಹೆಂಗಸರು ಕ್ಷೌರದಂಗಡಿಯ ಕಡೆ ಮುಖ ತಿರುಗಿಸಿಯೂ ನೋಡುತ್ತಿರಲಿಲ್ಲ. ಚಿಕ್ಕವೆಂಕಟಮ್ಮನೂ ಆ ಬೀದಿ ಬಿಟ್ಟು ಸುತ್ತುದಾರಿಯಲ್ಲಿ ಓಡಾಡಿದಳು. ಒಂದು ಮಧ್ಯಾಹ್ನ ಅಶ್ವತ್ಥಪ್ಪನವರು, ಒಳ್ಳೆ ಸೀರೆ ಉಟ್ಟು ನನ್ನ ಜೊತೆ ಬಾ ಎಂದರು. ಇಬ್ಬರೂ ಬರುವುದನ್ನು ಕಂಡ ಕದಿರಪ್ಪ, ಕಾಫಿ ಕುಡಿದು ಬರುತ್ತೇನೆಂದು ಅಂಗಡಿ ಬಿಟ್ಟು ನಡೆದ. ಮೊದಲೇ ಮಾತಾಗಿತ್ತೋ ಏನೋ. ಅವಳನ್ನು ಒಳಗೆ ಕಳಿಸಿ ಅಶ್ವತ್ಥಪ್ಪನವರು ಬೀದಿಗೆ ಮುಖ ಮಾಡಿ, ಮೇಲುವಸ್ತ್ರವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

ಅಂದುಕೊಂಡದ್ದಕ್ಕಿಂತ ಅವಳು ಎತ್ತರವಿದ್ದಳು. ಸೀರೆಯ ಅಂಚು ಒಂದು ಕಡೆ ಮೇಲೇರಿತ್ತು. ಸರಿಮಾಡಿಕೊಂಡಳು, ಅತ್ತಿತ್ತ ತಿರುಗಿದಳು.

"ಆಯ್ತಾ?" ತಿರುಗದೆಯೇ ಕೇಳಿದರು.

"ಇನ್ನೊಂಚೂರು ಇರಿ."

ಅಶ್ವತ್ಥಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಮುಪ್ಪಿನಲ್ಲಿ ಚಿಕ್ಕವೆಂಕಟಮ್ಮ ಎಷ್ಟೇ ನೆನೆದರೂ ಆ ದಿನದ ತನ್ನ ರೂಪ ಕಣ್ಣಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕನ್ನಡಿಯ ಮೂಲೆಯಲ್ಲಿ ತನ್ನ ಹೆಗಲಾಚೆ ಕಂಡ ಬಾಗಿಲು, ಬಿಸಿಲು, ಎರಡೂ ಕೈ ಚಾಚಿ ನಿಂತ ಗಂಡನ ಬೆನ್ನು.