ನೆತ್ತಿ ಮೂಸುವವರು

ತಾಯಿ ಬಸಿರಲ್ಲಿ ತಿಂದದ್ದೆಲ್ಲ ಕೂಸಿನ ನೆತ್ತಿಯಲ್ಲಿ ವಾಸನೆಯಾಗಿ ಉಳಿಯುತ್ತಿತ್ತು. ಹಾಗಾಗಿ ನೋಡಲು ಬಂದವರು ತೊಟ್ಟಿಲಿಗೆ ಬಗ್ಗಿ ಮೊದಲು ನೆತ್ತಿಯನ್ನೇ ಮೂಸುತ್ತಿದ್ದರು.

"ಸೊಸಿಗೆ ದಿನಾ ತುಪ್ಪ, ಬದಾಮಿ ತಿನಿಸೀನಿ," ಎಂದು ಅತ್ತೆ ನೀಲವ್ವ ಓಣಿಯವರೆದುರು ಬೀಗುತ್ತಿದ್ದಳು. ಬಾಣಂತಿ ಮಹಾನಂದಾಗೆ ಅವಳ ಮುಖ ನೋಡಲೂ ಹೇಸಿಗೆ. ಕೂಸು ದಪ್ಪಗಾದರೆ ಹೆರಿಗೆ ಕಷ್ಟವೆಂದು ಅಡುಗೆಮನೆಗೆ ಕೀಲಿ ಜಡಿದ ಮಹಾತಾಯಿ ಈಕೆ!

ಪಕ್ಕದ ಮನೆಯ ಕಾಶವ್ವ, ಅಳಲೂ ತ್ರಾಣವಿಲ್ಲದ ಕೂಸನ್ನು ಎತ್ತಿ ಮೂಸಿ ಮುಖ ಕಿವಿಚಿದಳು. "ಯವ್ವಾ, ಬರೇ ಮಣ್ಣಿನ ವಾಸನಿ!"

ನೀಲವ್ವ ಸೊಸೆಯ ಮೇಲೇ ಹರಿಹಾಯ್ದಳು. "ಥೂ, ಬಸುರಾಗಿ ಮಣ್ಣು ತಿಂದೀಯೇನ?"

ಮಹಾನಂದಾ ಕೂಸನ್ನು ಎದೆಗಾನಿಸಿಕೊಂಡಳು. "ನೀವು ಕೀಲಿ ಹಾಕಿದ್ದು ಅಡಗಿಮನಿಗೆ ಅಷ್ಟ ರೀ, ಅತ್ತಿ. ಮಣ್ಣಿನ ಗ್ವಾಡಿಗೆ ಹಾಕಿರಲಿಲ್ಲ."