ಮಾವನ ಎಕೋ ಪೆಟ್ಟಿಗೆ

ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಅಪ್ಪ ದುಬೈಯಲ್ಲಿ ತೀರಿಕೊಂಡ ಮೇಲೆ ನಾವು ಮೊಗ್ರಾಲಿನಲ್ಲಿ ಸೋದರಮಾವನ ಮನೆ ಸೇರಿದ್ದೆವು. ಒಂದು ಮಧ್ಯಾಹ್ನ ಮಾವ ಜಗಲಿಯಲ್ಲಿ ಹಳೆಯ ಟೇಪ್‌ರೆಕಾರ್ಡರ್ ಬಿಚ್ಚಿ, ತಂತಿಗಳಿಗೆ ಬೆಸುಗೆ ಹಾಕಿ, ಭಜನೆಯ ಮೈಕಿಗೆ ದನಿ ಮರುಕಳಿಸುವ ಎಕೋ ಪೆಟ್ಟಿಗೆ ಮಾಡುತ್ತಿದ್ದರು. ಅದರೊಳಗೆ ಸುತ್ತುತ್ತಿರಲು ಟೇಪಿನ ತುಂಡೊಂದು ಬೇಕಿತ್ತು. ಕಪಾಟಿನ ಕ್ಯಾಸೆಟ್‌ನಿಂದ ಕಂದು ಪಟ್ಟಿಯನ್ನು ಎಳೆದು ಕತ್ತರಿಸಿ, ತುದಿಗಳನ್ನು ನೆಕ್ಕಿ ಒರೆಸಿ, ಬಳೆಯಂತೆ ಅಂಟಿಸಿದರು.

ಚಹಾ ತಂದ ಅಮ್ಮ ನಿಂತುಬಿಟ್ಟಳು. "ಅಣ್ಣಾ, ಅದು ಅವರು ದುಬೈಯಿಂದ ಮಾತಾಡಿ ಕಳಿಸಿದ ಕ್ಯಾಸೆಟ್ಟಲ್ವಾ?"

"ಹಳೇ ಮಾತು ಇಟ್ಕೊಂಡು ಎಂತ ಮಾಡ್ತೀ ಮಾರಾಯ್ತಿ?"

ಸ್ವಿಚ್ ಒತ್ತಿದಾಗ ಅಪ್ಪನ ದನಿ, "ಎಲ್ಲರಿಗೂ ಕೇಳ್ತದಾ?" ಎಂದಿತು. ಮಾವ ಮೈಕಿನಲ್ಲಿ ಹಲೋ ಎಂದರು. ಪೆಟ್ಟಿಗೆ ಟೇಪಿನಲ್ಲಿದ್ದುದನ್ನು ಅಳಿಸಿ ಅದನ್ನೇ ಮತ್ತೆ ಮತ್ತೆ ಹೇಳತೊಡಗಿತು. ಅಪ್ಪನ ದನಿ ಮತ್ತೆ ಬರಲಿಲ್ಲ.

"ಹೇಗುಂಟು ಸೌಂಡು?" ಎಂದು ಮಾವ ಕೇಳಿದರು.

ಅಮ್ಮ ಲೋಟವನ್ನು ಅವರ ಮುಂದಿಟ್ಟಳು. "ಒಳ್ಳೆದುಂಟು ಅಣ್ಣ."