ಬೆನ್ನು ಹತ್ತಿದವನು

ಆ ಮನುಷ್ಯ ಇವತ್ತೂ ಬಂದಿದ್ದ.

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಮಯೂರಿಗೆ ಅವನ ಬಿಳಿ ಟೋಪಿ ಕಂಡಿತು. ಕಬ್ಬಿನ ಹಾಲಿನ ಅಂಗಡಿಯ ನೆರಳಿನಲ್ಲಿ ನಿಂತಿದ್ದ. ಅವಳು ನಡೆದಳು, ಅವನೂ ನಡೆದ. ಅವಳು ಬೇಕೆಂದೇ ಬಳೆ ಅಂಗಡಿಯ ಮುಂದೆ ನಿಂತಳು, ಅವನೂ ನಿಂತ.

‘ಸೈನ್ ಡೆರಿವೇಟಿವ್ ಕಾಸ್. ಕಾಸ್ ಡೆರಿವೇಟಿವ್ ಮೈನಸ್ ಸೈನ್.’ ಹೆದರಿಕೆಯಾದಾಗ ಅವಳು ಇದನ್ನೇ ಜಪಿಸುತ್ತಿದ್ದಳು. ಇತ್ತೀಚೆಗೆ ಆ ಮೈನಸ್ಸೂ ಮರೆತುಹೋಗುತ್ತಿತ್ತು. ಸಿಇಟಿ ಹತ್ತಿರ ಬಂದಿತ್ತು. ಕೋಚಿಂಗ್ ಕ್ಲಾಸಿನಲ್ಲಿ ಗಣಿತವನ್ನು ಮೊದಲಿನಿಂದ ಮತ್ತೊಮ್ಮೆ ತಿರುವಿಹಾಕುತ್ತಿದ್ದರು. ಅವಳ ತಲೆಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ.

ಅವಳು ಕೂಡುತ್ತಿದ್ದುದು ಕೊನೆಯ ಬೆಂಚಿನಲ್ಲಿ, ಓಣಿಯ ಕಡೆಯ ಕಿಟಕಿಯ ಪಕ್ಕ. ಸರ್ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಸರಳುಗಳ ನಡುವೆ ಒಂದು ಮೊಬೈಲು ಏಳುತ್ತಿತ್ತು. ಅವಳು ಬಲಕ್ಕೆ ವಾಲಿದರೆ ಅದು ಎಡಕ್ಕೆ ಸರಿಯುತ್ತಿತ್ತು. ಎಡಕ್ಕೆ ವಾಲಿದರೆ ಬಲಕ್ಕೆ. ಟಕ್ ಎಂದು ಫೋಟೊ ಹೊಡೆದ ಸದ್ದು. ಅವಳ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು.

ಒಮ್ಮೆ ಅವನು ಓಣಿಯಲ್ಲಿ ಹತ್ತಿರವೇ ಬಂದು “ಯವ್ವಾ, ಒಂದ್ ಸ್ವಲ್ಪ ನಿಲ್ಲ...” ಎಂದಿದ್ದ. ಮಯೂರಿ ಚಪ್ಪಲಿ ಕಿತ್ತರೂ ನಿಲ್ಲದೆ ಓಡಿದ್ದಳು.

ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಹೇಳಿದರೆ ಅಪ್ಪ ಏನು ಮಾಡುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮನುಷ್ಯನನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಮಗಳನ್ನು ತುಕ್ಕಾನಟ್ಟಿಯ ಮನೆಯಲ್ಲಿ ಕೂಡಿಸುತ್ತಾನೆ. ಅಲ್ಲಿಗೆ ಪರೀಕ್ಷೆ, ಕಾಲೇಜು ಎಲ್ಲ ಮುಗಿದಂತೆ.

ಉಳಿದವನು ಅಣ್ಣ ಅಜಿತ. ದೀಪಾವಳಿಯ ತನಕ ಅವನೇ ದಿನಾ ಬೈಕಿನಲ್ಲಿ ಕರೆತರುತ್ತಿದ್ದ. ಕ್ಲಾಸು ಬಿಡುವವರೆಗೆ ಎದುರಿನ ಚಹಾದಂಗಡಿ ಬಿಟ್ಟು ಏಳುತ್ತಿರಲಿಲ್ಲ. ಬಿಟ್ಟ ಮೇಲೆ ಮಾತ್ರ ಕೆಲಸವಿದೆಯೆಂದು ಅವಳನ್ನು ಬಸ್ಸು ಹತ್ತಿಸಿಬಿಡುತ್ತಿದ್ದ. “ಇಂಥಾ ಅಣ್ಣ ಯಾರಿಗದಾನ?” ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆಮೇಲೆ ಅವನಿಗೆ ಬೇಸರ ಬಂತೋ ಏನೋ, “ಇನ್ನ ಬಸ್ಸಿಗೆ ಹೋಗು” ಎಂದುಬಿಟ್ಟಿದ್ದ.

ಆ ಸಂಜೆ ಮಯೂರಿ ಅವನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟಳು. “ಅಪ್ಪಗ ಹೇಳಬ್ಯಾಡಣ್ಣಾ. ನನ್ನ ಆಣಿ ಐತಿ.”

ಅಜಿತನ ದವಡೆ ಬಿಗಿಯಿತು. “ನನ್ನ ತಂಗಿ ಬೆನ್ನ ಹತ್ತತಾನ? ಅವನ ಕಣ್ಣ ಕೀಳತೇನಿ. ಬಸ್‌ಸ್ಟ್ಯಾಂಡಿನ್ಯಾಗ ಹಿಡಿಯೂಣು. ಕ್ಲಾಸಿನ ಓಣಿ ಬ್ಯಾಡ.”

“ಅಲ್ಲಿ ಹಿಡದ್ರ ಏನಂತ ಹೇಳೂದು? ಕಿಡಕಿ ಹತ್ತಿರಾನ ಹಿಡೀಬೇಕು. ಫೋಟೊ ಹೊಡಿಯೂಮುಂದ.”

ಅಜಿತ ಬೇರೆ ಕಡೆ ನೋಡುತ್ತ ಹೂಂ ಎಂದ.

ಮರುದಿನ ಬಂದ. ಬಿಸಿಲಿಗೆ ಮುಖಕ್ಕೆ ದಸ್ತಿ ಕಟ್ಟಿಕೊಂಡು ಓಣಿಯ ಮೂಲೆಯಲ್ಲಿ ನಿಂತ. ಒಳಗೆ ಮಯೂರಿ ಕಿಟಕಿಯ ಮೇಲೇ ಕಣ್ಣಿಟ್ಟಿದ್ದಳು. ಸರ್ ಲೆಕ್ಕ ಮುಗಿಸಿದರು. ಕಿಟಕಿಯಲ್ಲಿ ಮೊಬೈಲು ಎದ್ದಿತು. ಹೊರಗೆ ಧಡ್ ಎಂದು ಯಾರೋ ಗೋಡೆಗೆ ಬಡಿದ ಸದ್ದಾಯಿತು.

ಅವಳು ಓಡಿ ಬರುವಷ್ಟರಲ್ಲಿ ಅಜಿತ ಆ ಮನುಷ್ಯನ ಅಂಗಿಯ ಕೊರಳಪಟ್ಟಿ ಹಿಡಿದಿದ್ದ. ಎಳೆದಾಟದಲ್ಲಿ ಬಿಳಿ ಟೋಪಿ ಗಟಾರಕ್ಕೆ ಬಿದ್ದು ನರೆತ ತಲೆ ಕಾಣುತ್ತಿತ್ತು. ದಸ್ತಿ ಕಳಚಿ ಅಜಿತನ ಕೊರಳಿಗೆ ಜೋತಿತ್ತು.

“ಹೊಡೀಬ್ಯಾಡಪಾ... ಹೊಡೀಬ್ಯಾಡ.” ಮುದುಕನ ತುಟಿ ಒಡೆದಿತ್ತು.

ಮಯೂರಿ ಬಿದ್ದ ಮೊಬೈಲನ್ನು ಎತ್ತಿಕೊಂಡು ಫೋಟೊಗಳನ್ನು ನೋಡಿದಳು. ಒಂದು, ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ಬೋರ್ಡು. ಬರೀ ಬೋರ್ಡು. ಅಂಚಿನಲ್ಲಿ ಅಲ್ಲಲ್ಲಿ ಅವಳ ಜಡೆ ಅಡ್ಡ ಬಂದಿತ್ತು, ಅಷ್ಟೇ.

“ನನ್ನ ಹೆಸರ ಶಿದ್ರಾಮ. ಮಸಗುಪ್ಪಿಯಾಂವ,” ಎಂದ ಮುದುಕ, ಏದುಸಿರು ಬಿಡುತ್ತ. “ನನ್ನ ಮಗಳು ಸುವರ್ಣಾ ಇದ ಕ್ಲಾಸಿಗೆ ಬರತಿದ್ಲು. ಯಾವನೋ ಬೈಕಿನಾಂವ ಬೆನ್ನ ಹತ್ತಿದ. ಊರತನಕಾ ಬಂದ. ಒಂದಿನ ದಾರ್‍ಯಾಗ ಕೈನೂ ಹಿಡದ. ದೀಪಾವಳಿ ಆದಮ್ಯಾಲ ನಮ್ಮ ಅಣ್ಣತಮ್ಮಂದಿರು ಹುಡುಗೀನ ಹೊರಗ ಬಿಡವಲ್ರು. ಪರೀಕ್ಷಾ ಮಾತ್ರ ಬರೀತೇನಂತ ಅಳತಾಳ. ಅದಕ್ಕ ನಾ ಬಂದು ಬೋರ್ಡಿನ ಫೋಟೊ ಹೊಡಕೊಂಡ ಹೋಗತೇನಿ. ಕ್ಲಾಸಿನ ಹೊತ್ತು ದಿನಾ ಬ್ಯಾರೆ, ನನಗ ತಿಳ್ಯಾಂಗಿಲ್ಲ. ನೀ ಬಸ್ಸ ಇಳದ್ರ ಸುರು ಆತಂತ ನಿನ್ನ ಹಿಂದ ಬರತಿದ್ದೆ. ಆವತ್ತ ಒಂದ ಲೆಕ್ಕಾ ಆಕಿಗೆ ತಿಳೀಲಿಲ್ಲ, ನಿನ್ನ ಕೇಳೂಣಂತ ಕರದೆ.”

ಅಜಿತನ ಹಿಡಿತ ಸಡಿಲಾಯಿತು. ಮುಖ ಬಾಡಿತು. ಅಣ್ಣನಿಗೂ ನಾಚಿಕೆಯಾಯಿತೆಂದು ಮಯೂರಿ ತಿಳಿದಳು. ತನ್ನ ಭಯ ಒಬ್ಬ ತಂದೆಯ ತುಟಿ ಒಡೆಸಿತ್ತು. ಅವಳಿಗೆ ಅಳು ಒತ್ತರಿಸಿತು.

“ಯಾರಂತ ಗೊತ್ತಾಗಲಿಲ್ಲೇನ್ರಿ ಕಾಕಾ, ಆ ಬೈಕಿನಾಂವ?”

“ನಾ ನೋಡಿಲ್ಲವ್ವಾ. ಆಕಿ ಒಬ್ಬಾಕಿನ ನೋಡ್ಯಾಳ.”

“ನಡಿ, ಹೋಗೂಣು,” ಎಂದ ಅಜಿತ. ಅವನು ಆಗಲೇ ಓಣಿಯ ತುದಿಯ ಕಡೆ ತಿರುಗಿದ್ದ.

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ವಿಡಿಯೊ ಕಾಲ್. “ಆಕೀನ,” ಎಂದ ಶಿದ್ರಾಮ. “ಇವತ್ತಿನ ಲೆಕ್ಕಾ ಇನ್ನೂ ಬಂದಿಲ್ಲಂತ ಮಾಡಿರಬೇಕು.”

ಮಯೂರಿಯೇ ಎತ್ತಿದಳು. ಮುಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ಉತ್ತರ ಹೇಳುತ್ತಿದ್ದ ಆ ತೆಳ್ಳನೆಯ ಹುಡುಗಿ! ಮಯೂರಿಗೆ ಗುರುತು ಹತ್ತಿತು.

“ಸುವರ್ಣಾ, ನಾ ಮಯೂರಿ. ಇನ್ನ ನಿಮ್ಮಪ್ಪಾರು ಬರೂದು ಬ್ಯಾಡ. ದಿನಾ ನಾನ ಕಳಸ್ತೇನಿ, ತಿಳೀಲಿಲ್ಲಂದ್ರ ಫೋನ್ ಮಾಡು.”

ಹುಡುಗಿ ನಕ್ಕಳು. ಮಯೂರಿಯ ಎದೆ ಹಗುರಾಯಿತು. ಎಷ್ಟೋ ದಿನಗಳ ಮೇಲೆ ಸರಾಗವಾಗಿ ಉಸಿರಾಡಿದಳು. “ಮಯೂರಿ, ಫೋನ್ ಇಡು,” ಎನ್ನುತ್ತ ಅಜಿತ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಕೈ ಹಾಕಿದ.

ಪರದೆಯ ಮೇಲಿನ ನಗು ಅಲ್ಲೇ ಹೆಪ್ಪುಗಟ್ಟಿತು. ಸುವರ್ಣಾಳ ಕಣ್ಣುಗಳು ಮಯೂರಿಯನ್ನು ದಾಟಿ ಹಿಂದಕ್ಕೆ ಹೋಗಿದ್ದವು.

“ಓಡು ಅಕ್ಕಾ,” ಎಂದಳು ಅವಳು, ಪಿಸುದನಿಯಲ್ಲಿ. “ಆಂವ ನಿನ್ನ ಹಿಂದನ ನಿಂತಾನ.”